ಸೋರೆಬುರುಡೆಯೂ ನನ್ನ ಹಗ್ಗವೂ

ನನ್ನ ಹೆಂಡತಿ ಭಾನುಮತಿಗೆ ನೀರೆಂದರೆ ಬಕೆಟ್ಟಿನಲ್ಲಿ ಇರುವಷ್ಟೇ ಗೊತ್ತಿತ್ತು. ಮದುವೆಯಾದ ಹೊಸತರಲ್ಲಿ ಮುರ್ಡೇಶ್ವರಕ್ಕೆ ಹೋದಾಗ, ಅಲೆ ಬಂದು ಪಾದ ಮುಟ್ಟಿದ್ದಕ್ಕೇ ನನ್ನ ತೋಳನ್ನು ಎಷ್ಟು ಗಟ್ಟಿಯಾಗಿ ಹಿಡಿದಳೆಂದರೆ ಊರಿಗೆ ಮರಳಿದ ಮೇಲೂ ಉಗುರಿನ ಗುರುತು ಉಳಿದಿತ್ತು. ಅಂಥವಳು ಅರವತ್ತು ದಾಟಿದ ಮೇಲೆ, ನಮ್ಮ ಬಡಾವಣೆಯ ಬಳಗದ ಸಭೆಯಲ್ಲಿ ಎದ್ದು ನಿಂತು, "ನಾನು ಈಜ್ತೀನಿ" ಅಂದಳು. ಆಗ ತಾನೇ ಬಾಯಿಗೆ ಹಾಕಿಕೊಂಡಿದ್ದ ಕೋಡುಬಳೆಯನ್ನು ನುಂಗಲೂ ಆಗದೆ ಉಗುಳಲೂ ಆಗದೆ ನಾನು ಕೂತಿದ್ದೆ.

ಮೊದಲು ನಮ್ಮ ವಿಷಯ ಹೇಳಿಬಿಡುತ್ತೇನೆ. ನಮ್ಮದು ದೊಡ್ಡನೆಕ್ಕುಂದಿಯ ಪಕ್ಕದ ಬಡಾವಣೆ. ಸರ್ಕಾರಿ ಕಾರ್ಖಾನೆಯ ನೌಕರರೆಲ್ಲ ಸೇರಿ ಸಂಘ ಮಾಡಿಕೊಂಡು, ಸೈಟು ಹಂಚಿಕೊಂಡು ಮನೆ ಕಟ್ಟಿಸಿದ ಜಾಗ. ಈಗ ಎಲ್ಲರೂ ರಿಟೈರ್ ಆಗಿ, ಬಿಪಿ ಮಾತ್ರೆಯ ಬಗ್ಗೆ ಒಬ್ಬರಿಗೊಬ್ಬರು ಸಲಹೆ ಕೊಟ್ಟುಕೊಂಡು ಇದ್ದೇವೆ. ನಾನು, ಉಪೇಂದ್ರ, ಕಾರ್ಖಾನೆಯ ಸೇಫ್ಟಿ ವಿಭಾಗದಲ್ಲಿದ್ದವನು. ಹೆಲ್ಮೆಟ್ ಇಲ್ಲದವನನ್ನು ಗೇಟಿನಿಂದಲೇ ವಾಪಸ್ ಕಳಿಸುವುದು, ಕ್ರೇನಿನ ಸರಪಳಿ ಎಳೆದು ಜಗ್ಗಿ ನೋಡಿ ಹಸಿರು ಗುರುತು ಹಾಕುವುದು, ಇದೇ ನನ್ನ ಬದುಕಾಗಿತ್ತು. ನನ್ನ ಕಾಲದಲ್ಲಿ ಕಾರ್ಖಾನೆಯ ನಮ್ಮ ಶಾಪಿನಲ್ಲಿ ಒಬ್ಬನ ಬೆರಳೂ ಹೋಗಲಿಲ್ಲ. ಈ ಮಾತನ್ನು ದಿನಕ್ಕೊಮ್ಮೆಯಾದರೂ ಹೇಳುತ್ತೇನೆಂದು ಭಾನು ದೂರುತ್ತಾಳೆ. ಹೇಳಬೇಕಾದ ಮಾತೇ ಅದು.

ಬಳಗದ ಹೆಸರು ಸಂಜೆ ಬಳಗ. ಭಾನು ಅದರ ಅಧ್ಯಕ್ಷೆ. ಕಣ್ಣಿನ ತಪಾಸಣೆ, ರಕ್ತದಾನ, ಮಳೆಗಾಲಕ್ಕೆ ಮುಂಚೆ ಚರಂಡಿಯ ಹೂಳು ತೆಗೆಸಲು ಕಾರ್ಪೊರೇಷನ್ನಿನವರ ಬೆನ್ನು ಹತ್ತುವುದು, ಇವೆಲ್ಲ ಅವಳ ಕೆಲಸ. ಕುರ್ಚಿ ಜೋಡಿಸುವುದು ನನ್ನ ಕೆಲಸ. ಶನಿವಾರ ಸಂಜೆ ನಮಗೆಲ್ಲ ಮೊಬೈಲಿನ ಪಾಠ ಹೇಳಲು ಸುಕೃತಿ ಎಂಬ ಹುಡುಗಿ ಬರುತ್ತಾಳೆ. ವೈಟ್‌ಫೀಲ್ಡಿನ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ, ವರ್ತೂರಿನಲ್ಲಿ ಬಾಡಿಗೆ ಮನೆ. ಈಜಿನ ವಿಷಯ ತಂದವಳು ಅವಳೇ. ಬೇರೆ ಬೇರೆ ದೇಶಗಳ ಸ್ವಯಂಸೇವಕ ಕ್ಲಬ್ಬುಗಳು ಒಂದೇ ದಿನ ಈಜುತ್ತವಂತೆ. ಈಜುವವರ ಹೆಸರಿನಲ್ಲಿ ಸ್ನೇಹಿತರು, ಕಂಪನಿಯವರು ಹಣ ಕೊಡುತ್ತಾರಂತೆ. ಆ ಹಣದಲ್ಲಿ ಮಲೇರಿಯಾ ಇರುವ ದೇಶಗಳಿಗೆ ಔಷಧ ಹಾಕಿದ ಸೊಳ್ಳೆಪರದೆ ಹೋಗುತ್ತದಂತೆ. ಈ ಸಲ ನಮ್ಮ ಕಡೆಯವರ ಪಾಲಿಗೆ ಬಂದದ್ದು ಆಫ್ರಿಕಾದ ಮಲಾವಿ ದೇಶದ ಒಂದು ಹಳ್ಳಿ.

"ಅಲ್ಲಮ್ಮ ಸುಕೃತಿ," ಅಂದೆ ನಾನು. "ನಮ್ಮ ರಾಜಕಾಲುವೆ ಕೊಳಚೇಲಿ ಹುಟ್ಟೋ ಸೊಳ್ಳೆಗಳೇನು ಕಮ್ಮಿನಾ? ಇಲ್ಲೇ ಇಷ್ಟೊಂದು ಇಟ್ಕೊಂಡು ಅಷ್ಟು ದೂರ ಯಾಕೆ ಹೋಗ್ಬೇಕು?"

ಪಕ್ಕದಲ್ಲಿದ್ದ ಲಕ್ಷ್ಮಣಪ್ಪ ಹೌದೆಂದು ತಲೆಯಾಡಿಸಿದ. ಅವನು ನಮ್ಮ ಶಾಪಿನಲ್ಲಿ ಕ್ರೇನ್ ಆಪರೇಟರ್ ಆಗಿದ್ದವನು. ನಾನು ಏನು ಹೇಳಿದರೂ ತಲೆಯಾಡಿಸುವುದು ಅವನಿಗೆ ಆಗಿನಿಂದಲೂ ಅಭ್ಯಾಸ.

ಭಾನು ನನ್ನ ಕಡೆ ನೋಡಲಿಲ್ಲ. ಸಭೆಗೆ ಹೇಳಿದಳು. "ನಮ್ಮಪ್ಪ ಉತ್ತರ ಕನ್ನಡದ ಕಾಡಲ್ಲಿ ಅಣೆಕಟ್ಟಿನ ಕೆಲಸದಲ್ಲಿದ್ರು. ತಗಡಿನ ಮನೆ. ಮನೇಲಿ ಇದ್ದಿದ್ದು ಒಂದೇ ಸೊಳ್ಳೆಪರದೆ, ಅದು ಅಪ್ಪಂಗೆ. ದುಡಿಯೋರು ಮಲಗಿಬಿಟ್ರೆ ಮನೆ ನಡೆಯಲ್ಲ ಅಂತ. ಅಮ್ಮ ದಿನಾ ಅಪ್ಪನ ಸುತ್ತ ಪರದೆ ಅಂಚನ್ನ ಹಾಸಿಗೆ ಕೆಳಗೆ ಸಿಕ್ಕಿಸಿ, ಆಚೆ ಬಂದು ನಮ್ಮ ಜೊತೆ ಮಲಗೋರು. ನನ್ ತಮ್ಮ ರಾಜೇಂದ್ರ ಆಗ ನಾಕು ವರ್ಷದೋನು. ಜ್ವರ ಮೆದುಳಿಗೆ ಏರಿತು ಅಂದ್ರು. ಯಾರದೂ ತಪ್ಪಲ್ಲ. ಪರದೆ ಒಂದೇ ಇತ್ತು, ಅಷ್ಟೇ."

ರಾಜು ಜ್ವರದಲ್ಲಿ ಹೋದನೆಂದಷ್ಟೇ ನನಗೆ ಗೊತ್ತಿತ್ತು. ಪರದೆಯ ಮಾತನ್ನು ಇಷ್ಟು ವರ್ಷದ ಸಂಸಾರದಲ್ಲಿ ಆ ದಿನವೇ ಕೇಳಿದ್ದು. ಆಗಲೇ ಅವಳು, "ನಿಮ್ಮ ಆಫೀಸಿನವರು ಈಜಲಿ ಸುಕೃತಿ. ಬಳಗದಿಂದ ನಾನು ಈಜ್ತೀನಿ," ಅಂದದ್ದು.

ಸುದ್ದಿ ಮೊಬೈಲಿನಿಂದ ಮೊಬೈಲಿಗೆ ಹಾರಿತು. ನೀರಿಗೆ ಹೆದರುವ ಹೆಂಗಸು ಈ ವಯಸ್ಸಿನಲ್ಲಿ ಈಜು ಕಲಿತು ಮಕ್ಕಳಿಗೆ ಪರದೆ ಕೊಡಿಸುತ್ತಾಳಂತೆ ಎಂದು ಕಂಡುಕೇಳದವರೆಲ್ಲ ಮೆಚ್ಚಿ ಬರೆದರು. ಕೊನೆಗೆ ಎಲೆಕ್ಟ್ರಾನಿಕ್ ಸಿಟಿಯ ಒಂದು ಕಂಪನಿಯವರು ಸುಕೃತಿಗೆ ಹೇಳಿ ಕಳಿಸಿದರು. ಭಾನುಮತಿಯವರು ಒಂದು ಬದಿಯಿಂದ ಈಜಿ ಎದುರು ಬದಿಯನ್ನು ಮುಟ್ಟಿದರೆ, ಈವರೆಗೆ ಸೇರಿದ ಹಣ ಸಾಲದೆ ಆ ಹಳ್ಳಿಯಲ್ಲಿ ಉಳಿದ ಅಷ್ಟೂ ಮಕ್ಕಳ ಹಾಸಿಗೆಗೆ ಪರದೆ ತಮ್ಮದು. ಅಂದರೆ ಇವಳು ಮುಟ್ಟಿದರೆ ಇಡೀ ಹಳ್ಳಿ, ಮುಟ್ಟದಿದ್ದರೆ ಅರ್ಧ ಹಳ್ಳಿ. ಅದನ್ನು ಕೇಳಿದ ದಿನದಿಂದ ಭಾನು ಊಟ ಮಾಡುವಾಗಲೂ ಒಳಗೊಳಗೇ ಏನೋ ಯೋಚಿಸುತ್ತಿದ್ದಳು. ಯಾವ ಅರ್ಧ ಎಂದು ಯೋಚಿಸುತ್ತಿದ್ದಳು ಅಂತ ನನಗೆ ಅನಿಸುತ್ತಿತ್ತು.

ಈಜುವುದೆಲ್ಲಿ ಎಂಬುದು ಮುಂದಿನ ತಲೆನೋವು. ರಿಂಗ್ ರೋಡಿನ ಅಪಾರ್ಟ್‌ಮೆಂಟೊಂದರ ಈಜುಕೊಳ ಕೇಳಿದೆವು. ಹೊರಗಿನವರಿಗೆ ಇಲ್ಲ ಅಂದರು. ಕೈಕಾಲು ಹಿಡಿದ ಮೇಲೆ, ಒಂದು ದಿನಕ್ಕೆ ಆಗಬಹುದು, ಆದರೆ ಈಜುಡುಗೆ ಕಡ್ಡಾಯ ಅಂದರು. ಅಷ್ಟು ಬಾಲ್ಕನಿಗಳ ಮುಂದೆ ಆ ಉಡುಪು ಹಾಕಿಕೊಂಡು ನಿಲ್ಲುವುದಕ್ಕಿಂತ ಮುಳುಗಿ ಹೋಗುವುದೇ ಮೇಲು ಎಂದಳು ಭಾನು. ವರ್ತೂರು ಕೆರೆಯ ಹೆಸರೆತ್ತಿದವರಿಗೆ ಅದರ ಮೇಲೆ ಏಳುವ ಕೊಳಚೆ ನೊರೆಯನ್ನು ನೆನಪಿಸಿದೆ. ಆ ನೊರೆಯಲ್ಲಿ ಕೈ ಅದ್ದಲಿಕ್ಕೂ ಸೇಫ್ಟಿ ವಿಭಾಗದ ಅನುಮತಿ ಸಿಗುವುದಿಲ್ಲ.

ದಾರಿ ತೋರಿಸಿದವರು ಸುಕೃತಿಯ ಮನೆ ಮಾಲೀಕರಾದ ಭದ್ರಮ್ಮ. ವರ್ತೂರಿನ ಹಳೇ ಒಕ್ಕಲು ಮನೆತನ. ಹೊಲಗದ್ದೆಯ ಬಹುಪಾಲು ಈಗ ಮೂರು ಮಹಡಿಯ ಬಾಡಿಗೆ ಮನೆಗಳಾಗಿವೆ. ಕೂತು ಉಣ್ಣಬಹುದು. ಆದರೂ ಭದ್ರಮ್ಮ ಊರಾಚೆಯ ದಿಣ್ಣೆಯ ಮೇಲೆ ಒಂದು ತುಂಡು ಜಮೀನು ಉಳಿಸಿಕೊಂಡು, ದಂಟು, ಸಬ್ಬಸಿಗೆ ಬೆಳೆಯುತ್ತಾರೆ. ಅಲ್ಲೊಂದು ಚೌಕದ ಕಲ್ಲು ಬಾವಿ. ಒಂದು ಬದಿಗೆ ಮೆಟ್ಟಿಲು, ಉಳಿದ ಮೂರು ಬದಿ ನೇರ ಗೋಡೆ, ಮೆಟ್ಟಿಲ ಬದಿಯ ಮೇಲ್ಗಡೆ ಹಿಂದಿನ ಕಾಲದಲ್ಲಿ ಎತ್ತು ಕಟ್ಟಿ ನೀರೆತ್ತುವ ಕಪಿಲೆಗೆಂದು ನಿಲ್ಲಿಸಿದ್ದ ಎರಡು ಕಲ್ಲುಕಂಬ, ನಡುವೆ ರಾಟೆ. ಸೊಳ್ಳೆ ಮರಿ ತಿನ್ನಲೆಂದು ಅದರಲ್ಲಿ ಮೀನು ಬಿಟ್ಟಿದ್ದಾರೆ.

"ಈಜಾಕೆ ಅಪಾರ್ಟ್‌ಮೆಂಟ್ ಯಾಕವ್ವಾ?" ಅಂದರು ಭದ್ರಮ್ಮ. "ನಮ್ ಬಾವಿ ಐತಲ್ಲ. ಈ ವರ್ಸ ಮಳೆಯಾಗಿ ನೀರು ಮ್ಯಾಲಕ್ಕೇ ನಿಂತೈತೆ. ಬಾ, ನಾನು ಕಲಿಸ್ತೀನಿ."

ಎಪ್ಪತ್ತರ ಹೆಂಗಸು ಈಜು ಕಲಿಸುವುದೇ ಎಂದು ನಾನು ಅವರ ಯಜಮಾನರಾದ ಗೋಪಾಲಪ್ಪನವರ ಮುಖ ನೋಡಿದೆ. ಅವರು ನಕ್ಕರು. "ನಮ್ ಮನೆ ಐಕ್ಳೆಲ್ಲ ಕಲ್ತಿದ್ದು ಇವಳ ತಾವೇ ಸ್ವಾಮಿ. ನಾನೂ ಅಷ್ಟೇಯ, ಮದ್ವೆ ಆದ್ಮೇಲೆ. ಇವರಪ್ಪನ ಮನೇಲಿ ಎಣ್ಣುಮಕ್ಳೂ ಈಜೋರು."

ಭದ್ರಮ್ಮ ಅಟ್ಟದ ಮೇಲಿಂದ ಒಣಗಿದ ದೊಡ್ಡ ಸೋರೆಬುರುಡೆ ಇಳಿಸಿದರು. ಎಷ್ಟೋ ಬೆನ್ನುಗಳಿಗೆ ಉಜ್ಜಿ ನುಣುಪಾಗಿತ್ತು. ಅದನ್ನು ಬಟ್ಟೆಯಲ್ಲಿ ಸುತ್ತಿ ಕಲಿಯುವವರ ಬೆನ್ನಿಗೆ ಕಟ್ಟಿದರೆ ನೀರಿನಲ್ಲಿ ಮುಳುಗಲು ಬಿಡುವುದಿಲ್ಲ. ಕಲಿತಾದ ಮೇಲೆ ಅವರೇ ಅದನ್ನು ಮುಂದೆ ಕಲಿಯುವವರ ಕೈಗೆ ಕೊಡಬೇಕು, ಅದು ಆ ಮನೆಯ ಪದ್ಧತಿಯಂತೆ. ಬುರುಡೆ ಬಿಚ್ಚುವುದು ಯಾವಾಗ ಎಂದು ಕೇಳಿದೆ. "ಅದು ಇವಳಿಗೆ ಬಿಟ್ಟಿದ್ದು," ಅಂದರು ಗೋಪಾಲಪ್ಪ, ಹೆಂಡತಿಯ ಕಡೆ ಕೈ ತೋರಿಸಿ. ಆ ಉತ್ತರ ನನಗೆ ಸರಿಬರಲಿಲ್ಲ. ತಾರೀಕು ಇಲ್ಲದೆ, ನಿಯಮ ಇಲ್ಲದೆ ಇದೆಂಥ ತರಬೇತಿ?

ಪಾಠ ಶುರುವಾಯಿತು. ಬೆಳಗ್ಗೆ ಅವಳನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋಗಿ, ಕಾಫಿಯ ಫ್ಲಾಸ್ಕು ಹಿಡಿದು ಬಾವಿಕಟ್ಟೆಯ ಮೇಲೆ ಕೂರುತ್ತಿದ್ದೆ. ಹಳೇ ಚೂಡಿದಾರ್ ತೊಟ್ಟು ಮೊದಲ ದಿನ ಮೆಟ್ಟಿಲಿಳಿಯುವಾಗ ಅವಳು ಒಂದೊಂದು ಹೆಜ್ಜೆಗೂ ಗೋಡೆ ಹಿಡಿದುಕೊಳ್ಳುತ್ತಿದ್ದಳು. ನೀರು ಮಂಡಿಗೆ ಬಂದಾಗ ಮೀನು ಬಂದು ಕಾಲು ಕಚ್ಚಿದ್ದಕ್ಕೆ ಅವಳು ಕೂಗಿದ ಕೂಗಿಗೆ ಪಕ್ಕದ ಹೊಲದವರು ಓಡಿ ಬಂದರು. ಇಷ್ಟಕ್ಕೇ ಮುಗಿಯಿತು, ಇನ್ನು ಬಿಡುತ್ತಾಳೆ ಅಂದುಕೊಂಡೆ. ಮಾರನೇ ದಿನ ನಾನು ಏಳುವ ಮುಂಚೆಯೇ ಬ್ಯಾಗಿನಲ್ಲಿ ಟವೆಲ್ ತುಂಬಿಕೊಂಡು ಬಾಗಿಲಲ್ಲಿ ನಿಂತಿದ್ದಳು.

ಅವಳ ಹೆದರಿಕೆ ಎಂದೂ ಹೋಗಲಿಲ್ಲ. ಇದನ್ನು ಸರಿಯಾಗಿ ಹೇಳಬೇಕು, ಏಕೆಂದರೆ ಜನ ಆಮೇಲೆ ಅವಳನ್ನು ಧೈರ್ಯವಂತೆ ಎಂದು ಹೊಗಳಿದರು. ಪ್ರತಿದಿನ ಮೆಟ್ಟಿಲ ಮೇಲೆ ನಿಂತು ಅವಳು ಕಣ್ಣು ಮುಚ್ಚಿಕೊಳ್ಳುತ್ತಿದ್ದಳು, ಬಾಯಿ ಒಣಗಿ ನಾಲಿಗೆಯಿಂದ ತುಟಿ ಸವರಿಕೊಳ್ಳುತ್ತಿದ್ದಳು. ಆಮೇಲೆ ಇಳಿಯುತ್ತಿದ್ದಳು. ಕಾರ್ಖಾನೆಯಲ್ಲಿ ಎತ್ತರಕ್ಕೆ ಹತ್ತಲು ಅಂಜದ ಎಷ್ಟೋ ಜನರನ್ನು ನೋಡಿದ್ದೇನೆ. ಅಂಜಿಕೊಂಡೇ ದಿನಾ ಹತ್ತುವವರನ್ನು ನೋಡಿರಲಿಲ್ಲ. ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಾ ನಾನು ಅವಳನ್ನು ನೋಡುತ್ತಿದ್ದೆ, ಇವಳು ನನ್ನ ಹೆಂಡತಿ ಎಂದು ಹೆಮ್ಮೆಯಾಗುತ್ತಿತ್ತು. ಅದನ್ನು ಬಾಯಿಬಿಟ್ಟು ಹೇಳದೆ, ತಲೆ ಸರಿಯಾಗಿ ಒರೆಸಿಕೋ, ಶೀತವಾಗುತ್ತೆ ಎಂದು ಗದರಿಸುತ್ತಿದ್ದೆ.

ಬುರುಡೆಯ ಗಂಟನ್ನು ಮಾತ್ರ ಪ್ರತಿದಿನ ನಾನೇ ಜಗ್ಗಿ ನೋಡಿ ಪಾಸು ಮಾಡುತ್ತಿದ್ದೆ. ಅದೂ ಸಾಲದೆನಿಸಿತು. ಈಜಿನ ದಿನ ಹತ್ತಿರ ಬಂದಂತೆ ರಾತ್ರಿ ನಿದ್ದೆ ಹತ್ತದೆ, ಕೊನೆಗೆ ಒಂದು ಏರ್ಪಾಡು ಮಾಡಿದೆ. ಎತ್ತರದಲ್ಲಿ ಕೆಲಸ ಮಾಡುವವರು ಕಟ್ಟಿಕೊಳ್ಳುವ ಸೊಂಟದ ಬೆಲ್ಟು, ಅದಕ್ಕೆ ಹೊಸ ಹಗ್ಗ, ಹಗ್ಗ ಕಲ್ಲುಕಂಬಗಳ ನಡುವಿನ ರಾಟೆಯ ಮೇಲೆ ಹಾದು ಲಕ್ಷ್ಮಣಪ್ಪನ ಕೈಗೆ. ಅವನು ಬಾವಿಯಿಂದ ಹಿಂದೆ ನಿಲ್ಲುವುದರಿಂದ ಅವನಿಗೆ ನೀರು ಕಾಣುವುದಿಲ್ಲ. ನಾನು ಅಂಚಿನಲ್ಲಿ ನಿಂತು ಕೈಸನ್ನೆ ಮಾಡಬೇಕು. ಕಾರ್ಖಾನೆಯಲ್ಲಿ ನಾವು ಕೆಲಸ ಮಾಡಿದ್ದೇ ಹಾಗೆ. ಕ್ರೇನಿನವನಿಗೆ ಕೆಳಗಿನ ಸರಕು ಕಾಣಿಸದು, ಸನ್ನೆ ಮಾಡುವವನ ಕೈಯಷ್ಟೇ ಕಾಣುವುದು. ತೋರುಬೆರಳು ಮೇಲೆತ್ತಿ ತಿರುಗಿಸಿದರೆ ಎತ್ತು, ಅಂಗೈ ಕೆಳಗೆ ಮಾಡಿ ಚಾಚಿದರೆ ನಿಲ್ಲಿಸು. ನಮ್ಮಿಬ್ಬರ ನಡುವೆ ಒಂದು ಸನ್ನೆಯೂ ತಪ್ಪಿದ್ದಿಲ್ಲ.

"ಅಗ್ಗ ಕಟ್ಟಿ ಇಳಿಸಾಕೆ ಅವಳೇನು ಬಿಂದಿಗೇನಾ ಯಜಮಾನ್ರೇ?" ಅಂದರು ಭದ್ರಮ್ಮ.

"ಹಗ್ಗ ಇರಲಿ, ಆದ್ರೆ ಸಡಿಲವಾಗಿರ್ಬೇಕು ಅಂಕಲ್," ಎಂದಳು ಸುಕೃತಿ. "ಬುರುಡೆ ಕಟ್ಕೊಂಡೇ ಈಜೋದು ಅಂತ ಕಂಪನಿಯವರಿಗೆ ಹೇಳಿದ್ದೀನಿ, ಅದಕ್ಕೆ ಒಪ್ಪಿದ್ದಾರೆ. ಮೇಲಿಂದ ಎಳೆದ್ರೆ ಮಾತ್ರ ಲೆಕ್ಕಕ್ಕಿಲ್ಲ."

"ನಾನ್ಯಾಕೆ ಎಳೀಲಿ?" ಅಂದೆ. ಭಾನು ಬೆಲ್ಟನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. "ಇವರಿಗೆ ಸಮಾಧಾನ ಆಗೋದಾದ್ರೆ ಕಟ್ಲಿ ಬಿಡಿ," ಅಂದಳು.

ಆ ಭಾನುವಾರ ಬೆಳಗ್ಗೆ ಬಾವಿಯ ಸುತ್ತ ಜಾತ್ರೆಯೇ ಸೇರಿತ್ತು. ಬಳಗದವರೆಲ್ಲ ಬಂದಿದ್ದರು. ಸುಕೃತಿ ಕಂಬಕ್ಕೆ ಮೊಬೈಲ್ ಕಟ್ಟಿ, ದೂರದ ಕ್ಲಬ್ಬುಗಳಿಗೂ ಕಂಪನಿಯವರಿಗೂ ಕಾಣುವಂತೆ ಮಾಡಿದ್ದಳು. ಭದ್ರಮ್ಮ ಮೊದಲ ಮೆಟ್ಟಿಲಿಗೆ ಅರಿಶಿನ ಕುಂಕುಮ ಹಚ್ಚಿ, ವೀಳ್ಯದೆಲೆಯ ಮೇಲೆ ಬೆಲ್ಲವಿಟ್ಟು ಗಂಗಮ್ಮನಿಗೆ ಕೈಮುಗಿದರು. ಸುಕೃತಿಯ ಆಫೀಸಿನವರು ಮೊದಲು ಇಳಿದು, ಸರಾಗವಾಗಿ ಈಜಿ, ಚಪ್ಪಾಳೆ ಗಿಟ್ಟಿಸಿಕೊಂಡು ಮೆಟ್ಟಿಲ ಬದಿಯ ನೀರಿನಲ್ಲೇ ಕಾವಲಿಗೆ ನಿಂತರು.

ಭಾನುವಿನ ಸರದಿ ಬಂತು. ನಾನು ಬೆಲ್ಟಿನ ಕೊಂಡಿ ನೋಡಿದೆ, ಹಗ್ಗದ ಗಂಟು ನೋಡಿದೆ, ಬುರುಡೆಯ ಗಂಟನ್ನೂ ಜಗ್ಗಿ ನೋಡಿ ಮೇಲೆ ಬಂದೆ. ನಾನು ಮೆಟ್ಟಿಲು ಹತ್ತುತ್ತಿದ್ದ ಹಾಗೆ ಭದ್ರಮ್ಮ, "ಎದೆಗೆ ಬಿಗಿಯಾಗೈತೆ, ಒಸಿ ಸಡಿಲ ಮಾಡ್ತೀನಿ," ಎಂದು ಬುರುಡೆಯ ಬಟ್ಟೆಗೆ ಕೈ ಹಾಕಿದ್ದು ಕಂಡಿತು. ಹಗ್ಗವಂತೂ ಇದೆಯಲ್ಲ ಎಂದು ಸುಮ್ಮನಾದೆ.

ಅವಳು ಕಣ್ಣು ಮುಚ್ಚಿದಳು, ತುಟಿ ಸವರಿಕೊಂಡಳು, ಇಳಿದಳು. ಕೈ ಬೀಸಿದಳು, ಕಾಲು ಬಡಿದಳು. ಅವಳ ಈಜಿನಲ್ಲಿ ಅಂದಚಂದ ಏನೂ ಇರಲಿಲ್ಲ, ಆದರೆ ಮುಂದೆ ಹೋಗುತ್ತಿದ್ದಳು. ಹಗ್ಗ ಸಡಿಲವಾಗಿ ಅವಳ ಹಿಂದೆ ತೇಲುತ್ತಿತ್ತು. ಬಾವಿಯ ನಡುಮಧ್ಯಕ್ಕೆ ಬಂದಳು. ನಾನು ಉಸಿರು ಬಿಡುವುದರಲ್ಲಿದ್ದೆ. ಆಗ ನೋಡಿದರೆ ಸೋರೆಬುರುಡೆ ಅವಳ ಬೆನ್ನ ಮೇಲೆ ಇರಲಿಲ್ಲ. ಬಟ್ಟೆ ಬಿಚ್ಚಿಕೊಂಡು, ಅವಳಿಗಿಂತ ಎಷ್ಟೋ ಹಿಂದೆ, ತನ್ನ ಪಾಡಿಗೆ ತಾನು ತೇಲುತ್ತಿತ್ತು.

ಅವಳು ಮುಳುಗುತ್ತಿದ್ದಾಳೋ ಇಲ್ಲವೋ ಎಂದು ನಾನು ನೋಡಲೇ ಇಲ್ಲ. ನನ್ನ ಕಣ್ಣಿಗೆ ಕಂಡದ್ದು ಕಳಚಿಹೋದ ಗಂಟು ಮಾತ್ರ. ನನ್ನ ಕೈ ತಾನಾಗಿ ಮೇಲೆದ್ದಿತು, ತೋರುಬೆರಳು ಗರಗರ ತಿರುಗಿತು. ಹಿಂದೆ ನಿಂತಿದ್ದ ಲಕ್ಷ್ಮಣಪ್ಪ ಏಕೆ, ಏನು ಎಂದು ಕೇಳುವ ಜಾತಿಯವನಲ್ಲ. ಎತ್ತು ಎಂದರೆ ಎತ್ತಿದ.

ಭಾನು ನೀರಿನಿಂದ ಮೇಲೆದ್ದು ಗಾಳಿಯಲ್ಲಿ ತೂಗಾಡಿದಳು. ಕೈಕಾಲು ಇನ್ನೂ ಈಜುತ್ತಲೇ ಇದ್ದವು. ಮೇಲಿದ್ದವರಲ್ಲಿ ಕೆಲವರು ನಕ್ಕರು, ಕೆಲವರು ಕೂಗಿದರು. ನಾನು ಅಂಗೈ ಚಾಚಿ ನಿಲ್ಲಿಸಿದೆ. ಅವಳನ್ನು ಮೆಲ್ಲಗೆ ಮೆಟ್ಟಿಲ ಬದಿಗೆ ಇಳಿಸಿದೆವು.

ಓಡಿ ಕೆಳಗೆ ಹೋದೆ. ಅವಳು ಮೆಟ್ಟಿಲ ಮೇಲೆ ಕೂತು ಮೂಗಿಗೆ ಹೋದ ನೀರಿಗೆ ಸೀನುತ್ತಿದ್ದಳು. "ಯಾಕ್ರೀ ಎಳೆದ್ರಿ?" ಅಂದಳು. ಅವಳು ಅಷ್ಟು ಮೆತ್ತಗೆ ಮಾತಾಡಿದರೆ ಸಿಟ್ಟು ನೆತ್ತಿಗೇರಿದೆ ಎಂದೇ ಅರ್ಥ.

"ಬುರುಡೆ ಬಿಚ್ಚಿಹೋಗಿತ್ತು ಭಾನು. ಅಲ್ನೋಡು. ನೀನು ಮುಳುಗಿಬಿಡ್ತೀಯ ಅಂತ..."

ಅವಳು ಬೆನ್ನು ಮುಟ್ಟಿ ನೋಡಿಕೊಂಡಳು. ನೀರಿನಲ್ಲಿ ತೇಲುತ್ತಿದ್ದ ಬುರುಡೆಯನ್ನು ನೋಡಿದಳು. ಆಮೇಲೆ ಭದ್ರಮ್ಮನ ಮುಖ ನೋಡಿದಳು.

"ಅದು ಬಿಚ್ಚೋಯ್ತು ಅಂತೀರಲ್ಲ, ಬಿಚ್ಚೋ ಅಂಗೆ ಕಟ್ಟಿದ್ದೇ ನಾನು," ಅಂದರು ಭದ್ರಮ್ಮ. "ನಮ್ಮ ಮನೇಲಿ ಅಂಗೇ ಕಣವ್ವಾ. ಕೈಕಾಲು ಪಳಗಿದ ಮ್ಯಾಲೆ, ಒಂದಿನ ಜಾರುಗಂಟು ಆಕ್ತೀವಿ. ನೀರಾಗೆ ಅದು ತಾನೇ ಕಳಚ್ಕೊಂತದೆ. ಈಜೋರಿಗೆ ತಿಳೀಬಾರ್ದು. ದಡ ಮುಟ್ಟಿದ ಮ್ಯಾಲೆ ಏಳ್ತೀವಿ, ನಿನ್ನ ಬೆನ್ನ ಮ್ಯಾಲೆ ಏನೂ ಇರ್ಲಿಲ್ಲ ಅಂತ. ಅರ್ಧ ಬಾವಿ ನೀನೇ ಈಜಿದ್ದೀಯ. ಇನ್ನರ್ಧ ನಿಮ್ಮೆಜಮಾನ್ರು ಕೆಡಿಸಿದ್ರು."

ಒಬ್ಬನ ಬೆರಳೂ ಹೋಗಲಿಲ್ಲ ಎಂದು ಬೀಗುತ್ತಿದ್ದವನು ನಾನು. ಈಗ ಆ ಮಕ್ಕಳ ಪರದೆಗಳು ನನ್ನ ಒಂದು ಬೆರಳಿನಿಂದ ಹೋಗಿದ್ದವು. ಸುಕೃತಿ ಮೊಬೈಲಿನಲ್ಲಿ ಯಾರೊಡನೆಯೋ ಇಂಗ್ಲಿಷಿನಲ್ಲಿ ಬೇಡಿಕೊಳ್ಳುತ್ತಿದ್ದಳು. ಬಂದು ಹೇಳಿದಳು, "ಇದು ಲೆಕ್ಕಕ್ಕಿಲ್ಲವಂತೆ. ಆಂಟಿ ಇನ್ನೊಂದು ಸಲ ಪ್ರಯತ್ನ ಮಾಡಬಹುದಂತೆ. ಆದರೆ ಇವತ್ತೇ, ಈಗ್ಲೇ."

ಭದ್ರಮ್ಮನ ಮುಖ ಸಪ್ಪಗಾಯಿತು. ಅವರಿಗೆ ಅಳುಕು ಎಂಬುದಿದೆ ಎಂದು ಅವತ್ತೇ ನನಗೆ ಗೊತ್ತಾದದ್ದು. "ಬ್ಯಾಡ ಕಣವ್ವಾ," ಅಂದರು. "ಬುರುಡೆ ಕಟ್ಟಿದ್ರೆ ಈಗ ಅದ್ರ ಮ್ಯಾಲೇ ಗ್ಯಾನ ಓಗ್ತದೆ, ಕೈ ಬೀಸಾಕಾಗಲ್ಲ. ಕಟ್ದೇ ಇಳಿದ್ರೆ, ಇಲ್ಲ ಅಂತ ನಿಂಗೆ ಗೊತ್ತು. ಗೊತ್ತಿದ್ದೂ ಅವತ್ತೇ ತಿರುಗಾ ಇಳಿದೋರು ನಮ್ಮಲ್ಲಿ ಯಾರೂ ಇಲ್ಲ."

ಭಾನು ಒದ್ದೆ ಮಂಡಿಯ ಮೇಲೆ ಕೈಯಿಟ್ಟು ಕೂತಿದ್ದಳು. ಬೇಡ ಬಾ, ಮನೆಗೆ ಹೋಗೋಣ, ಆ ದುಡ್ಡನ್ನು ನನ್ನ ಪಿಂಚಣಿಯಿಂದ ಕಟ್ಟುತ್ತೇನೆ ಎಂದು ಹೇಳಲು ಬಾಯಿ ತೆರೆದೆ. ಅವಳು ನನ್ನ ಕಡೆ ತಿರುಗಿದಳು.

"ಈ ಹಗ್ಗ ಬಿಚ್ಚಿ."

"ಭಾನು, ಬುರುಡೇನೂ ಇಲ್ಲ, ಹಗ್ಗವಾದ್ರೂ..."

"ಹಗ್ಗ ಇದ್ರೆ ನನ್ನ ಗಮನವೆಲ್ಲ ನಿಮ್ಮ ಕೈ ಮೇಲೇ ಇರುತ್ತೆ. ಯಾವಾಗ ಎಳೀತಾರೋ ಅಂತ. ನೀವು ಹೆದರ್ಕೊಂಡ್ರಿ, ನನಗೆ ಬೇಜಾರಿಲ್ಲ. ನಾನೂ ಹೆದರ್ಕೊಂಡೇ ಇದ್ದೀನಿ. ಆದ್ರೆ ಒಬ್ಬರ ಹೆದರಿಕೆ ಹೊತ್ಕೊಂಡು ಈಜಬಹುದು ಕಣ್ರೀ, ಇಬ್ಬರದ್ದು ಆಗಲ್ಲ. ಬಿಚ್ಚಿ."

ನಾನು ಕಟ್ಟಿದ ಗಂಟು. ನೀರು ಕುಡಿದು ಕಲ್ಲಾಗಿತ್ತು. ಉಗುರು ಕಿತ್ತುಬರುವಂತೆ ಬಿಡಿಸಿದೆ. ಲಕ್ಷ್ಮಣಪ್ಪ ಮೇಲಿನಿಂದ ಬಗ್ಗಿ ನೋಡುತ್ತಾ, "ಏನ್ ಮಾಡ್ಲಿ ಸಾರ್?" ಎಂದು ಕೇಳಿದ. ಅವನಿಗೆ ಯಾವ ಸನ್ನೆ ಮಾಡಬೇಕೋ ನನಗೆ ತಿಳಿಯಲಿಲ್ಲ. ಗೋಪಾಲಪ್ಪ ಅಂಗಿ ತೆಗೆದು, ನೀರಿನಲ್ಲಿ ಕಾಲಿಳಿಬಿಟ್ಟು ಕೂತರು. ಅದೊಂದು ಸಮಾಧಾನ.

ಅವಳು ಎದ್ದು ನಿಂತಳು. ಕಣ್ಣು ಮುಚ್ಚಲಿಲ್ಲ ಈ ಸಲ. ಎದುರು ಗೋಡೆಯನ್ನೇ ನೋಡುತ್ತಾ ಇಳಿದಳು. ನಾಲ್ಕು ಸಲ ಕೈ ಬೀಸುವುದರೊಳಗೆ ಮುಖ ಮುಳುಗಿತು. ನನ್ನ ಬಲಗೈ ಮೇಲೇಳುತ್ತಿತ್ತು. ಎಡಗೈಯಿಂದ ಅದನ್ನು ಹಿಡಿದುಕೊಂಡೆ. ಸುಳ್ಳಲ್ಲ, ನನ್ನ ಕೈಗೆ ನಾನೇ ಬೇಡಿ ಹಾಕಿಕೊಂಡವನಂತೆ ನಿಂತಿದ್ದೆ. ಅವಳ ತಲೆ ಮೇಲೆ ಬಂತು. ಕೆಮ್ಮಿದಳು, ಕೆಮ್ಮುತ್ತಲೇ ಕೈ ಬೀಸಿದಳು. ತೇಲುತ್ತಿದ್ದ ಬುರುಡೆಯ ಪಕ್ಕದಲ್ಲೇ ಹಾದುಹೋದಳು. ಕೈ ಚಾಚಿದ್ದರೆ ಸಿಗುತ್ತಿತ್ತು. ಅದರ ಕಡೆ ನೋಡಲಿಲ್ಲ. ಅವಳ ಕಾಲು ನೀರಿಗೆ ಬಡಿಯುವ ಸದ್ದೊಂದೇ ಕೇಳುತ್ತಿತ್ತು. ಆಮೇಲೆ ಅವಳ ಅಂಗೈ ಎದುರಿನ ಕಲ್ಲನ್ನು ಮುಟ್ಟಿತು.

ಚಪ್ಪಾಳೆ, ಶಿಳ್ಳೆ ಎಲ್ಲ ಒಟ್ಟಿಗೆ ಎದ್ದವು. ಆ ಬದಿಯಲ್ಲಿ ಮೆಟ್ಟಿಲಿಲ್ಲ. ಗೋಪಾಲಪ್ಪ ಈಜಿ ಹೋಗಿ, ಗಾಳಿ ತುಂಬಿದ ಟ್ಯೂಬು ಕೊಟ್ಟು ಕರೆತರುವುದೆಂದು ಮೊದಲೇ ಮಾತಾಗಿತ್ತು. ಅವರು ಅರ್ಧ ಹೋಗಿದ್ದರು. ಭಾನು ಕಲ್ಲಿನ ಸಂದಿಗೆ ಬೆರಳು ಸಿಕ್ಕಿಸಿ ಹಿಡಿದು, ಏದುಸಿರು ಬಿಡುತ್ತಾ, ಬೇಡವೆಂದು ತಲೆಯಾಡಿಸಿದಳು. ಸ್ವಲ್ಪ ಹೊತ್ತು ಹಾಗೇ ಇದ್ದು, ಗೋಡೆಯನ್ನು ಒದ್ದು, ತಿರುಗಿ ನನ್ನ ಕಡೆಗೇ ಈಜಿ ಬಂದಳು. ಗೋಪಾಲಪ್ಪ ಟ್ಯೂಬು ಹಿಡಿದುಕೊಂಡು ಮಗ್ಗುಲಲ್ಲಿ ಸುಮ್ಮನೆ ಜೊತೆಯಾದರು.

ಮೆಟ್ಟಿಲಿಗೆ ಬಂದಾಗ ನಾನು ಕೈ ಕೊಟ್ಟೆ. ಆ ಕೈಯನ್ನು ಅವಳು ಹಿಡಿದಳು. ಸುಕೃತಿ ಅಳುತ್ತಾ ನಗುತ್ತಾ ಟವೆಲ್ ಹೊದಿಸಿ, "ಒಂದೇ ಸಾಕಿತ್ತಲ್ಲ ಆಂಟಿ," ಅಂದಳು.

"ಹೋಗಿದ್ದು ಆ ಮಕ್ಕಳಿಗೆ," ಅಂದಳು ಭಾನು. "ವಾಪಸ್ ಬಂದಿದ್ದು ರಾಜುಗೆ."

ನಾನು ಅತ್ತೆ. ಬಡಾವಣೆಯ ಅಷ್ಟು ಜನರ ಮುಂದೆ, ಮೊಬೈಲಿನಲ್ಲಿ ನೋಡುತ್ತಿದ್ದ ದೇಶ ವಿದೇಶದ ಕ್ಲಬ್ಬುಗಳವರ ಮುಂದೆ ಅತ್ತೆ. ಅದರ ಬಗ್ಗೆ ನನಗೇನೂ ನಾಚಿಕೆಯಿಲ್ಲ.

ಭದ್ರಮ್ಮ ಗಂಗಮ್ಮನ ಮುಂದಿಟ್ಟಿದ್ದ ಬೆಲ್ಲ ತಂದು ಅವಳ ಬಾಯಿಗಿಟ್ಟರು. ಗೋಪಾಲಪ್ಪ ಸೋರೆಬುರುಡೆಯನ್ನು ನೀರಿನಿಂದ ಎತ್ತಿ ತಂದು ಅವಳ ಕೈಗೆ ಕೊಟ್ಟರು. ಪದ್ಧತಿಯ ಪ್ರಕಾರ ಅದನ್ನು ಮುಂದಿನವರಿಗೆ ಅವಳೇ ಕೊಡಬೇಕು. ಬಳಗದ ಹೆಂಗಸರಲ್ಲಿ ಇಬ್ಬರು ಮೂವರು ಆಸೆಯಿಂದ ಮುಂದೆ ಬಂದರು. ಭಾನು ಎಲ್ಲರ ಮುಖವನ್ನೂ ನೋಡಿ, ಕೊನೆಗೆ ನನ್ನ ಕಡೆ ತಿರುಗಿದಳು.

"ಮುಂದಿನ ವರ್ಷಕ್ಕೆ," ಅಂದಳು. "ನಿಮಗೂ ಈಜು ಬರಲ್ವಲ್ಲ."

ಎಲ್ಲರೂ ನಕ್ಕರು. ಲಕ್ಷ್ಮಣಪ್ಪ ಮೇಲಿನಿಂದ, ತೋರುಬೆರಳೆತ್ತಿ ಗರಗರ ತಿರುಗಿಸಿ ತೋರಿಸಿದ. ಜೀವಮಾನದಲ್ಲಿ ಅವನು ನನ್ನನ್ನು ಲೇವಡಿ ಮಾಡಿದ್ದು ಅದೊಂದೇ ಸಲ.

ಮಳೆಗಾಲ ಮುಗಿಯುವ ಹೊತ್ತಿಗೆ ಮಲಾವಿಯಿಂದ ಫೋಟೋಗಳು ಬಂದವು. ಸುಕೃತಿ ಒಂದೊಂದಾಗಿ ತೋರಿಸಿದಳು. ಅವುಗಳಲ್ಲೊಂದರಲ್ಲಿ ಒಬ್ಬ ತಾಯಿ, ಮಲಗಿರುವ ಮಗುವಿನ ಸುತ್ತ ಪರದೆಯ ಅಂಚನ್ನು ಚಾಪೆಯ ಕೆಳಗೆ ಸಿಕ್ಕಿಸುತ್ತಿದ್ದಳು. ಆಕೆಯ ಮುಖ ಕಾಣುತ್ತಿರಲಿಲ್ಲ, ಬಗ್ಗಿದ ಬೆನ್ನು ಮತ್ತು ಕೈ ಕಾಣುತ್ತಿದ್ದವು. ಭಾನು ಆ ಫೋಟೋವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಒಳಗೆ ಹೋಗಿ ನನ್ನ ಟವೆಲ್ಲನ್ನು ಬ್ಯಾಗಿಗೆ ತುಂಬಿ, ಹೊತ್ತಾಯಿತು, ಏಳಿ ಅಂದಳು.

ಈಗ ಅವಳು ಬಾವಿಕಟ್ಟೆಯ ಮೇಲೆ ಫ್ಲಾಸ್ಕು ಹಿಡಿದು ಕೂರುತ್ತಾಳೆ. ಮೀನುಗಳು ನನ್ನ ಕಾಲನ್ನೂ ಬಿಡುವುದಿಲ್ಲ. ಹೆದರಿಕೆ ನನಗೂ ಹೋಗಿಲ್ಲ. ಪ್ರತಿ ಭಾನುವಾರ ಭದ್ರಮ್ಮ ನನ್ನ ಬೆನ್ನಿಗೆ ಬುರುಡೆ ಕಟ್ಟುತ್ತಾರೆ. ಯಾವ ಗಂಟು ಹಾಕಿದರೆಂದು ನಾನು ಕೇಳುವುದಿಲ್ಲ.